ಬೀಳುವುದನ್ನು ಕಲಿಸಿದ ಕಾಕು

ಜನವರಿ ಬಂತೆಂದರೆ ಕಾಕುವಿನ ಮುಖಕ್ಕೆ ಎರಡು ಬಣ್ಣ. ಹಣೆಯಿಂದ ಕೆನ್ನೆಯ ಮೂಳೆಯವರೆಗೆ ಗೋಧಿ ಬಣ್ಣ. ಅಲ್ಲಿಂದ ಕೆಳಗೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ, ಹುರಿದ ಶೇಂಗಾದ ಬಣ್ಣ. ಮೇಲಿನ ಬೆಳ್ಳನೆಯ ಭಾಗದ ನಡುವೆ ಕಾಸಿನಗಲ ಕುಂಕುಮ. ಸಂಕ್ರಾಂತಿಯ ಸಂಜೆ ಇಳಕಲ್ ಸೀರೆಯುಟ್ಟು, ಕುಸುರೆಳ್ಳಿನ ಡಬ್ಬಿ ಹಿಡಿದು ಅವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು: "ಪಾಪ, ಏನೋ ಚರ್ಮದ ಕಾಯಿಲೆ ಇರಬೇಕು ಕಣ್ರೀ. ನೀವು ಕೇಳೋಕೆ ಹೋಗಬೇಡಿ."

ನಾನು ಕೇಳಲಿಲ್ಲ. ಅವರೇ ಹೇಳಿದರು. "ನನ್ನ ಮಾರಿ ನೋಡಿ ಹೆದರಬ್ಯಾಡ್ರಿ. ಹಿಮದ ಬಿಸಿಲು ಎರಡು ಕಡೆಯಿಂದ ಸುಡ್ತದ, ಮ್ಯಾಲಿಂದ ಒಂದು, ನೆಲದಿಂದ ಒಂದು. ಕನ್ನಡಕ ಮುಚ್ಚಿದಷ್ಟು ಉಳೀತು. ಕ್ರೀಮು ಎರಡು ತಾಸಿಗೊಮ್ಮೆ ಹಚ್ಚಿಕೋಬೇಕು ಅಂತ ಮಂದಿಗೆ ಹೇಳಿ ಹೇಳಿ ನಾನು ಹಚ್ಚಿಕೊಳ್ಳೋದು ಮರೀತೀನಿ."

ಧಾರವಾಡದ ಕಡೆ ಚಿಕ್ಕಮ್ಮನನ್ನು ಕಾಕು ಎನ್ನುತ್ತಾರೆ. ಕಡಲಾಚೆಯ ಈ ಯೂನಿಯನ್ ಸಿಟಿಯ ನಮ್ಮ ಸಾಲುಮನೆಗಳಲ್ಲಿ ಕನ್ನಡ ಬಲ್ಲವರಿಗೂ ಬಾರದವರಿಗೂ ಅವರು ಕಾಕುವೇ, ಅವರ ಯಜಮಾನರು ಕಾಕಾ. ಕಾಕು ಸ್ಯಾನ್ ರಮೋನಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ, ಭುಜ, ಸೊಂಟ ಕೆಟ್ಟವರನ್ನು ಮತ್ತೆ ನಡೆಸುವುದು ಅವರ ಕಸುಬು. ಐವತ್ತು ದಾಟುವವರೆಗೆ ಅವರಿಗೂ ಹಿಮಕ್ಕೂ ಸಂಬಂಧವಿರಲಿಲ್ಲ. ಆದರೆ ಚಳಿಗಾಲದ ಪ್ರತಿ ಸೋಮವಾರ ಕ್ಲಿನಿಕ್ಕಿಗೆ ಕುಂಟುತ್ತ ಬರುವವರಲ್ಲಿ ನಮ್ಮವರು ಹೆಚ್ಚಾಗತೊಡಗಿದರು. ಶುಕ್ರವಾರ ಆಫೀಸು ಮುಗಿಸಿ ಟಾಹೋ ಬೆಟ್ಟಕ್ಕೆ ಹೋಗುವುದು, ಶನಿವಾರ ಹಿಮದಲ್ಲಿ ಜಾರಲು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಳ್ಳುವುದು, ಭಾನುವಾರ ಹಿಂದಿನ ಸೀಟಿನಲ್ಲಿ ಮಲಗಿ ವಾಪಸು ಬರುವುದು. ಕಾಕು ಅವರನ್ನು "ಸೋಮವಾರದ ಮಂಡಿಗಳು" ಎನ್ನುತ್ತಿದ್ದರು. ಕೊನೆಗೆ ಒಂದು ದಿನ, ನೋಡದ ಗುಡ್ಡಕ್ಕೆ ಮದ್ದು ಕೊಡುವುದು ಹೇಗೆ ಎಂದು ತಾವೇ ಬೆಟ್ಟ ಹತ್ತಿದರಂತೆ. ಐದು ವರ್ಷದ ಮಕ್ಕಳ ತರಗತಿಯಲ್ಲಿ ನಿಂತು ಕಲಿತರಂತೆ. "ನಾ ಬಿದ್ದಾಗ ಆ ಕೂಸುಗಳು ಬಂದು ನನ್ನ ಸ್ಕೀ ಕೋಲು ಎತ್ತಿ ಕೊಡ್ತಿದ್ವು. ಅಷ್ಟು ಮರ್ಯಾದಿ ನನಗ ಧಾರವಾಡದಾಗೂ ಸಿಕ್ಕಿರಲಿಲ್ಲ."

ಹಿಂದಿರುಗಿ ಬಂದವರು ತರಗತಿ ಶುರು ಮಾಡಿದರು. ಎಲ್ಲಿ ಅಂತೀರಿ? ಸಾಲುಮನೆಗಳ ನಡುವಿನ ಹುಲ್ಲಿನ ಮೇಲೆ, ಚಳಿಗಾಲದ ಭಾನುವಾರ ಬೆಳಿಗ್ಗೆ. ಪಾಠ ಒಂದೇ: ಬೀಳುವುದು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಎಂಜಿನಿಯರುಗಳು ಎಂಟು ಹತ್ತು ಮಂದಿ ಸಾಲಾಗಿ ನಿಂತು, ಕಾಕು ಚಪ್ಪಾಳೆ ತಟ್ಟಿದೊಡನೆ ಎಡಕ್ಕೆ ಬೀಳುವುದು, ಇನ್ನೊಮ್ಮೆ ತಟ್ಟಿದರೆ ಬಲಕ್ಕೆ. ಎದುರು ಮನೆಯ ಫಿಲಿಪಿನೊ ಅಜ್ಜ ಕುರ್ಚಿ ತಂದು ಹಾಕಿಕೊಂಡು, ಕಾಫಿ ಕುಡಿಯುತ್ತ ಈ ನಾಟಕ ನೋಡುತ್ತಿದ್ದ.

"ಎರಡೂ ಕೈ ಮುಂದ ಇರಲಿ. ಮೊಣಕಾಲು ಬಾಗಿರಲಿ. ಬೀಳ್ತೀನಿ ಅಂತ ಗೊತ್ತಾದ ಮ್ಯಾಲೆ ತಡಕೊಳ್ಳಲಿಕ್ಕೆ ಜಿದ್ದು ಹಿಡೀಬ್ಯಾಡ್ರಿ. ಪಕ್ಕಕ್ಕ ಕೂಡ್ರಿ, ಕೋಲು ಬಿಟ್ಟುಬಿಡ್ರಿ. ಜಾರೋದು ನಿಲ್ಲೋತನಕ ಏಳಬ್ಯಾಡ್ರಿ. ಒಂದೇ ಹಲಗಿಯ ಸ್ನೋಬೋರ್ಡಿನವರು ಮುಷ್ಟಿ ಕಟ್ಟಿಕೊಂಡು ಮೊಳಕೈ ಮ್ಯಾಲೆ ಬೀಳ್ರಿ, ಅಂಗೈ ಊರಿದ್ರ ಮಣಿಕಟ್ಟು ಹೋತು. ಹಿಂದಕ್ಕ ಬೀಳೋದಿದ್ರ ಗದ್ದ ಎದಿಗೆ ಹಚ್ಚಿ ಬೀಳ್ರಿ."

ನನ್ನನ್ನೂ ಕರೆದರು. ನಾನು ನಕ್ಕೆ. "ಬೀಳೋದನ್ನೂ ಕಲೀಬೇಕಾ ಕಾಕು? ಅದು ತಾನಾಗೇ ಬರುತ್ತಲ್ಲ."

"ಬೀಳೋದು ಬರ್ತದ. ಬಿದ್ದು ಏಳೋದು ತಾನ ಬರ್ತದೇನು, ತಮ್ಮಾ?" ಎಂದರು. ಒತ್ತಾಯ ಮಾಡಲಿಲ್ಲ.

ನಮ್ಮಜ್ಜಿ ಹೇಳುತ್ತಿದ್ದಳು, ಹೇಳಿದ್ದು ಕೇಳದವನಿಗೆ ಕಂಬವೇ ಮೇಷ್ಟ್ರು ಎಂದು. ಮರುತಿಂಗಳೇ ಆಫೀಸಿನವರ ಜೊತೆ ಬೆಟ್ಟಕ್ಕೆ ಹೋದೆ. ಹೆಂಡತಿ, ಮಗಳೂ ಬಂದಿದ್ದರು. ಮಗಳಿಗೆ ಆಗ ಹತ್ತು ವರ್ಷ. ನಾನು ಜೀನ್ಸ್ ಪ್ಯಾಂಟಿನೊಳಗೆ ಹತ್ತಿಯ ಪೈಜಾಮ ಹಾಕಿದ್ದೆ, ಕಾಲಿಗೆ ಮೂರು ಜೊತೆ ಕಾಲುಚೀಲ, ಹೆಲ್ಮೆಟ್ಟಿನೊಳಗೆ ಅಮ್ಮ ಮೈಸೂರಿನಿಂದ ಕಳಿಸಿದ ಉಣ್ಣೆಯ ಮಂಕಿ ಟೋಪಿ. ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಒಂದು ಫಾರ್ಮು ಕೊಟ್ಟರು. ತೂಕ, ಎತ್ತರ, ವಯಸ್ಸು. ಅದರ ಕೆಳಗೆ, ನೀವು ಎಂಥ ಸ್ಕೀಗಾರರು, ಒಂದೋ ಎರಡೋ ಮೂರೋ? ಒಂದೆಂದರೆ ಮೆಲ್ಲಗೆ ಹೋಗುವ ಹೊಸಬ. ಮೂರೆಂದರೆ ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವ ಪಳಗಿದವನು.

ಹದಿನೈದು ವರ್ಷ ಕಂಪನಿಗಳಲ್ಲಿ ಅಪ್ರೈಸಲ್ ಫಾರ್ಮು ತುಂಬಿದ ಕೈ ಇದು. ತನಗೆ ತಾನೇ ಒಂದು ಅಂಕ ಕೊಟ್ಟುಕೊಂಡ ಎಂಜಿನಿಯರನ್ನು ನೀವು ನೋಡಿದ್ದೀರಾ? ನಾನು ಯೋಚಿಸಲೂ ಇಲ್ಲ. ಮೂರು ಎಂದು ಗುರುತು ಹಾಕಿದೆ.

ಬಿದ್ದದ್ದು ಕಡಿದಾದ ಕಡೆಯಲ್ಲೂ ಅಲ್ಲ, ವೇಗವಾಗಿ ಹೋಗುವಾಗಲೂ ಅಲ್ಲ. ಬಹುತೇಕ ನಿಂತೇ ಇದ್ದೆ. ಮೈ ಒಂದು ಕಡೆ ಹೊರಳಿತು, ಬಲಗಾಲಿನ ಸ್ಕೀ ಹೊರಳಲಿಲ್ಲ. ಮಂಡಿಯೊಳಗೆ ಹಸಿ ಕಡ್ಡಿ ಮುರಿದ ಸದ್ದು. ಬೆಟ್ಟ ಕಾಯುವ ಗಸ್ತಿನವರು ಬಂದು ನನ್ನನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ ಮಲಗಿಸಿ, ಪಟ್ಟಿ ಬಿಗಿದು, ಗಾಳಿ ತಾಗದಿರಲೆಂದು ಕಂಬಳಿಯನ್ನು ಮೂಗಿನವರೆಗೆ ಎಳೆದು ಕೆಳಗೆ ತಂದರು. ಕೆಳಗೆ, ಕೈಯಲ್ಲಿ ಚಾಕೊಲೇಟು ಹಾಲಿನ ಲೋಟ ಹಿಡಿದುಕೊಂಡು ಮಗಳು ನಿಂತಿದ್ದಳು. ಬಂಡಿ ಅವಳ ಮುಂದೆಯೇ ಹಾದುಹೋಯಿತು. ಕಣ್ಣು ಮುಚ್ಚಿಕೊಂಡಿದ್ದ ನಾನು ಸತ್ತಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಳು. ಇದನ್ನು ನಮಗೆ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ.

ಆಪರೇಷನ್ ಆಯಿತು. ಮಂಡಿ ಕಾಕುವಿನ ಕೈಗೆ ಬಂತು. ಮೊದಲ ದಿನ ಅವರು ಊದಿದ ಮಂಡಿಯನ್ನು ಎರಡೂ ಕೈಯಲ್ಲಿ, ಹಸುಗೂಸಿನ ತಲೆ ಹಿಡಿದಂತೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ಫಾರ್ಮಿನ್ಯಾಗ ಏನ್ ಬರದಿದ್ದಿ?"

"ಮೂರು."

"ಎಷ್ಟನೇ ಸಲ ಹೋಗಿದ್ದಿ?"

"ಮೊದಲನೇ ಸಲ."

ಕಾಕು ಬಯ್ಯಲಿಲ್ಲ. ತಲೆಯನ್ನೂ ಅಲ್ಲಾಡಿಸಲಿಲ್ಲ. ವಿವರಿಸಿದರು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಒಂದು ಕೊಂಡಿ ಇದೆ. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಆಗ ಕಾಲು ಉಳಿಯುತ್ತದೆ. ಎಷ್ಟು ಬಿಗಿ ಮಾಡಬೇಕೆಂದು ಅಂಗಡಿಯವನು ತಿರುಪು ತಿರುಗಿಸುವುದು ನಾವು ಬರೆದುಕೊಟ್ಟ ಫಾರ್ಮು ನೋಡಿಕೊಂಡು. ಮೂರು ಎಂದವನಿಗೆ ಬಿಗಿಯಾಗಿ ಕೂರಿಸುತ್ತಾನೆ, ವೇಗದಲ್ಲಿ ಕಳಚಿ ಹೋಗಬಾರದಲ್ಲ ಎಂದು. ನಿಂತಲ್ಲೇ ಬೀಳುವ ಹೊಸಬನಿಗೆ ಅಂಥ ಕೊಂಡಿ ಬಿಡುವುದೇ ಇಲ್ಲ. ಅದರ ಬದಲು ಮಂಡಿ ಬಿಡುತ್ತದೆ.

"ನಮ್ಮ ಮಂದಿದು ಇದೇ ಹಣೇಬರ ನೋಡು," ಎಂದರು, ನನ್ನ ಕಾಲನ್ನು ಒಂದಂಗುಲ ಮಡಿಸುತ್ತ. "ಹತ್ತು ಮಂಡಿ ಬಂದ್ರ ಅದರಾಗ ಮೂರು ನಾಕು ಮಂಡಿ ಫಾರ್ಮಿನ್ಯಾಗ ಮುರಿದಿರ್ತಾವ. ಗುಡ್ಡ ಏನೂ ಮಾಡಿರಂಗಿಲ್ಲ."

ಒಂಬತ್ತು ತಿಂಗಳು ಅವರು ನನ್ನನ್ನು ಅಳಿಸಿದರು, ನಗಿಸಿದರು. ಮಿಲ್ಪಿಟಾಸಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದು, ಇನ್ನು ಹತ್ತು ಸಲ ಕಾಲೆತ್ತಿದರೆ ಶೇಂಗಾ ಚಟ್ನಿ, ಇಪ್ಪತ್ತು ಸಲ ಎತ್ತಿದರೆ ಬೆಣ್ಣೆ ಎಂದು ಆಸೆ ತೋರಿಸಿದರು. ಬೇಸಿಗೆ ಹೊತ್ತಿಗೆ ನಡೆದೆ, ನವರಾತ್ರಿಯ ಹೊತ್ತಿಗೆ ಮೆಟ್ಟಿಲು ಹತ್ತಿ ಇಳಿದೆ. ಕುಂಟಿಲ್ಲ, ನೋವಿಲ್ಲ. ಮುಗಿಯಿತು, ಫೈಲು ಮುಚ್ಚಿ ಕಾಕು ಎಂದೆ.

"ಮುಗೀಲಿಲ್ಲ," ಎಂದರು ಅವರು. "ನಿನ್ನ ಮಗಳನ್ನ ನೋಡೀಯೇನು ನೀ?"

ನೋಡಿದ್ದೆ, ನೋಡಿರಲಿಲ್ಲ. ಆ ವರ್ಷ ಮಗಳು ಸೈಕಲ್ ಬಿಟ್ಟಿದ್ದಳು. ಈಜಿನ ತರಗತಿ ಹೊಟ್ಟೆನೋವೆಂದು ತಪ್ಪಿಸುತ್ತ ತಪ್ಪಿಸುತ್ತ ಕೊನೆಗೆ ನಿಂತೇಹೋಗಿತ್ತು. ಶಾಲೆಯವರು ಹಿಮ ನೋಡಲು ಕರೆದುಕೊಂಡು ಹೋಗುತ್ತೇವೆಂದು ಚೀಟಿ ಕಳಿಸಿದರೆ ಅವಳು ಅದನ್ನು ನಮಗೆ ತೋರಿಸದೆ ಮಡಿಸಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು. ನಾನು ಮಾತ್ರ, ಮಗು ಎಷ್ಟು ಜೋಪಾನ, ಎಷ್ಟು ಶಾಂತ ಎಂದು ಒಳಗೊಳಗೇ ಸಮಾಧಾನದಿಂದ ಇದ್ದೆ. ನಾನು ಮೆಟ್ಟಿಲು ಇಳಿಯುವಾಗ ಅವಳು ಹಿಂದಿನಿಂದ ಬಂದು ನನ್ನ ಅಂಗಿಯ ತುದಿ ಹಿಡಿದುಕೊಳ್ಳುತ್ತಿದ್ದುದನ್ನು ಪ್ರೀತಿ ಎಂದುಕೊಂಡಿದ್ದೆ.

"ನಿನ್ನ ಮಂಡಿ ನಾ ಎಬ್ಬಿಸಿ ನಿಲ್ಲಿಸೀನಿ," ಎಂದರು ಕಾಕು. "ಆ ಹುಡುಗಿ ಕಣ್ಣಾಗ ನೀ ಇನ್ನೂ ಮಲಗೇ ಇದ್ದೀ. ಅಲ್ಲಿಂದ ನಿನ್ನ ಎಬ್ಬಿಸೋದು ನನ್ನ ಕೈಲಿ ಆಗಂಗಿಲ್ಲ. ನೀನ ಏಳಬೇಕು, ಆಕಿ ನೋಡೂ ಹಂಗ."

ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆಯ ಸೌಟನ್ನು ಕೆಳಗಿಟ್ಟಳು. "ಮತ್ತೆ ಅಲ್ಲಿಗಾ? ಒಂದು ಕಾಲು ಸಾಕಾಗಲಿಲ್ವಾ ನಿಮಗೆ?" ಆಮೇಲೆ ಸೌಟನ್ನು ಮತ್ತೆ ಕೈಗೆತ್ತಿಕೊಂಡು, "ಕಾಕು ಇರ್ತಾರಾ?" ಎಂದಳು. ಇರುತ್ತಾರೆ ಎಂದೆ. "ಹಾಗಾದರೆ ಹೋಗಿ."

ಡಿಸೆಂಬರಿನ ಒಂದು ಶನಿವಾರ ನಸುಕಿನಲ್ಲಿ ಕಾಕಾನ ಹಳೆಯ ವ್ಯಾನಿನಲ್ಲಿ ಹೊರಟೆವು. ಕಾಕಾ ಒಂದು ದಿನವೂ ಹಿಮದ ಮೇಲೆ ಕಾಲಿಟ್ಟವರಲ್ಲ. ವ್ಯಾನು ಓಡಿಸುವುದು, ಬೆಟ್ಟದ ಕೆಳಗಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕ ಕೂತು ಪದಬಂಧ ಬಿಡಿಸುವುದು, ಥರ್ಮಾಸಿನ ಚಹಾ ಕಾಯುವುದು, ಇಷ್ಟು ಅವರ ಪಾಲಿನ ಕೆಲಸ. ಹೊರಡುವ ಮೊದಲು ಕಾಕು ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಹತ್ತಿ ಬಟ್ಟೆ ತೆಗೆಸಿದರು, "ಹತ್ತಿ ಬೆವರು ಕುಡದು ಮೈಗೆ ಮಂಜುಗಡ್ಡಿ ಕಟ್ಟತದ." ಮೂರು ಜೊತೆ ಕಾಲುಚೀಲದಲ್ಲಿ ಎರಡನ್ನು ಕಸಿದುಕೊಂಡರು, "ಬಿಗಿ ಆದಷ್ಟು ರಕ್ತ ಓಡಂಗಿಲ್ಲ, ಪಾದ ಥಂಡಿ ಆಗ್ತದ. ತೆಳ್ಳಂದು ಒಂದು ಸಾಕು." ನನ್ನ ಮಂಕಿ ಟೋಪಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿ, "ಇದನ್ನ ಒಳಗ ಹಾಕಿದ್ರ ಹೆಲ್ಮೆಟ್ ತಲಿ ಮ್ಯಾಲೆ ಗುಡಿ ಕಳಸದಂಗ ಕೂಡ್ತದ," ಎಂದು ಚಪ್ಪಲಿ ಗೂಡಿನ ಮೇಲೆ ಇಟ್ಟರು. ಮಗಳು ನಕ್ಕಳು. ಅಷ್ಟರ ಮಟ್ಟಿಗೆ ನಕ್ಕಳು. ವ್ಯಾನು ಹತ್ತಿದ ಮೇಲೆ ಮತ್ತೆ ಅವಳ ಕೈ ನನ್ನ ಜಾಕೆಟ್ಟಿನ ತುದಿಯಲ್ಲಿ.

ಸ್ಯಾಕ್ರಮೆಂಟೊ ದಾಟಿ ಏರು ಶುರುವಾಗುವ ಹೊತ್ತಿಗೆ ಗಾಳಿ ಎದ್ದಿತು. ಆಬರ್ನ್ ಬಳಿ, ಮುಂದೆ ಹಿಮವಿದೆ, ಜಾರದಂತೆ ಟಯರಿಗೆ ಸರಪಳಿ ಕಟ್ಟಿಕೊಳ್ಳಿ ಎಂಬ ಸೂಚನೆ. ನಮ್ಮ ಬಳಿ ಸರಪಳಿ ಇತ್ತು, ಮುಂದಿನ ವಾಹನಗಳು ಹೋಗುತ್ತಲೂ ಇದ್ದವು. ಕಾಕು ಫೋನಿನಲ್ಲಿ ಬೆಟ್ಟದ ಹವಾಮಾನ ನೋಡಿದರು, ಕಿಟಕಿ ಇಳಿಸಿ ಕೈ ಹೊರಗೆ ಚಾಚಿದರು.

"ಹೊಳ್ಳಿ ಹೋಗೋಣು," ಎಂದರು.

ನನಗೆ ಸಿಟ್ಟು ಬಂತು. ಒಂದು ವರ್ಷದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಹೊರಟಿದ್ದೆ. "ಕಾಕು, ಇಷ್ಟು ದೂರ ಬಂದು? ಟಿಕೆಟ್ಟು ತಗೊಂಡಾಗಿದೆ. ಎಲ್ಲರೂ ಹೋಗ್ತಾನೇ ಇದ್ದಾರಲ್ಲ."

"ಹೋಗ್ಲಿ. ಗುಡ್ಡ ಏನು ಎದ್ದು ಹೋಗ್ತದೇನು? ಮುಂದಿನ ವಾರನೂ ಅಲ್ಲೇ ಇರ್ತದ."

ಕಾಕಾ ವ್ಯಾನು ತಿರುಗಿಸಿದರು. ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ ಖಡಕ್ ರೊಟ್ಟಿ, ಅಂಟಿನುಂಡಿ ತಿಂದೆವು. ಬೆಟ್ಟದ ಮೇಲೆ ಮಧ್ಯಾಹ್ನಕ್ಕೆ ಮೊದಲು ಒಂದು ಅಂಟಿನುಂಡಿ ಹೊಟ್ಟೆಯಲ್ಲಿರಬೇಕು, ತಾಸಿಗೊಮ್ಮೆ ನೀರು ಕುಡಿಯಬೇಕು ಎಂಬುದು ಕಾಕುವಿನ ಕಾನೂನು. ದಣಿದ ಕಾಲಿಗಿಂತ ಹಸಿದ ತಲೆ ಬೇಗ ಬೀಳಿಸುತ್ತದೆ ಎನ್ನುತ್ತಿದ್ದರು. ಬೆಟ್ಟವಿಲ್ಲದಿದ್ದರೂ ಉಂಡಿ ತಪ್ಪಲಿಲ್ಲ. ನಾನು ಮುಖ ಗಂಟು ಹಾಕಿಕೊಂಡು ತಿಂದೆ.

ಮಗಳು ಮಾತ್ರ ಉಂಡಿ ಕಚ್ಚುವುದನ್ನು ನಿಲ್ಲಿಸಿ ಕಾಕುವನ್ನೇ ನೋಡುತ್ತಿದ್ದಳು. "ಕಾಕು, ವಿ ಕ್ಯಾನ್ ಜಸ್ಟ್ ಗೋ ಬ್ಯಾಕ್?"

"ಹೂಂ. ಬ್ಯಾಡ ಅನ್ನಿಸ್ತಂದ್ರ ಹೊಳ್ಳಿ ಹೋಗೋದು. ಅರ್ಧಾ ದಾರಿಯಿಂದನೂ ಹೋಗಬಹುದು, ಗುಡ್ಡದ ಬುಡದಿಂದನೂ ಹೋಗಬಹುದು. ಯಾರೂ ಏನೂ ಅನ್ನಂಗಿಲ್ಲ, ತಂಗಿ."

ಮಗಳು ಉಳಿದ ಉಂಡಿಯನ್ನು ತಿಂದು ಮುಗಿಸಿದಳು. ಯೂನಿಯನ್ ಸಿಟಿ ಇನ್ನೇನು ಬಂತು ಅನ್ನುವಾಗ ಹಿಂದಿನ ಸೀಟಿನಿಂದ ಒಂದು ದನಿ ಬಂತು: "ಸೋ, ನೆಕ್ಸ್ಟ್ ಸ್ಯಾಟರ್ಡೇ?"

ನಾನು ಒಂದು ವರ್ಷದಲ್ಲಿ ಬೆಟ್ಟದ ಬಗ್ಗೆ ಅವಳಿಗೆ ಏನೆಲ್ಲ ಹೇಳಿದ್ದೆ. ಹೆದರಬೇಡ, ಏನೂ ಆಗುವುದಿಲ್ಲ, ಅಪ್ಪ ಇದ್ದೇನೆ. ಯಾವುದೂ ನಾಟಿರಲಿಲ್ಲ. ಹೋದ ದಾರಿಯಲ್ಲಿ ವಾಪಸು ಬರಬಹುದು ಎಂಬುದನ್ನು ಮಾತ್ರ ನಾನು ಯಾವತ್ತೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಅಂಗಡಿಯಲ್ಲಿ ಫಾರ್ಮು ಬಂತು; ಕಾಕು ನನ್ನ ಹೆಗಲ ಮೇಲಿಂದ ಇಣುಕುತ್ತ ನಿಂತರು. ಒಂದು ಎಂದು ಬರೆದೆ. ಮಕ್ಕಳು ಕಲಿಯುವ ಇಳಿಜಾರಿನಲ್ಲಿ, ಜಾರಿದರೂ ನಿಂತಂತೆಯೇ ಕಾಣುವಷ್ಟು ಸಣ್ಣ ಇಳಿಜಾರದು, ಪಾಠ ಶುರುವಾಯಿತು. ವೇಗ ಇಳಿಸಲು ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂಭಾಗ ಅಗಲಿಸುವುದಕ್ಕೆ ಅಲ್ಲಿನ ಶಿಕ್ಷಕರೆಲ್ಲ ಪಿಜ್ಜಾ ತುಂಡು ಎನ್ನುತ್ತಾರೆ. ಕಾಕು ಇಡೀ ಬೆಟ್ಟಕ್ಕೆ ಕೇಳುವಂತೆ "ಸಮೋಸಾ, ಸಮೋಸಾ, ದೊಡ್ಡ ಸಮೋಸಾ" ಎಂದು ಕೂಗುತ್ತಿದ್ದರು. ದಾರಿಹೋಕ ದೇಸಿಗಳೆಲ್ಲ ಆಸೆಯಿಂದ ತಿರುಗಿ ನೋಡುತ್ತಿದ್ದರು.

"ಗಿಡಾ ನೋಡಿದ್ರ ಗಿಡಕ್ಕ ಹೋಗ್ತೀರಿ. ಹೋಗಬೇಕಾದ ಕಡೆ ನೋಡ್ರಿ," ಎನ್ನುತ್ತಿದ್ದರು. "ಕೆಳಗಿದ್ದವರ ಬೆನ್ನಿಗೆ ಕಣ್ಣಿಲ್ಲ. ಮ್ಯಾಲಿಂದ ಬರೋ ನಿಮಗ ಇದ್ದಾವ. ಅವರನ್ನ ಕಾಯೋದು ನಿಮ್ಮ ಕೆಲಸ." "ನಿಲ್ಲೋದಿದ್ರ ಅಂಚಿಗೆ ನಿಲ್ರಿ, ಮ್ಯಾಲಿನವರಿಗೆ ಕಾಣೂ ಹಂಗ."

ಮಗಳು ಇನ್ನೂ ಸ್ಕೀ ಕಟ್ಟಿರಲಿಲ್ಲ. ಬೇಲಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಎರಡು ಸಲ ಬೀಳದೆ ಇಳಿದೆ. ಶಹಭಾಸ್ ಅನ್ನಬಹುದೆಂದುಕೊಂಡು ಕಾಕುವಿನ ಮುಂದೆ ನಿಂತೆ.

ಅವರು ದನಿ ತಗ್ಗಿಸಿದರು. "ಈಗ ಬೀಳು."

"ಏನು?"

"ಆಕಿ ಮುಂದ ಬೀಳು. ಬಲಗಾಲಿನ ಕಡೆ."

ಬಲಗಾಲು ಎಂದ ಕೂಡಲೇ ಆ ಹಸಿ ಕಡ್ಡಿಯ ಸದ್ದು ಕಿವಿಯಲ್ಲಿ. "ಆಗಲ್ಲ ಕಾಕು," ಎಂದೆ. ಮಗಳ ಮುಂದೆ ಹಾಗೆ ಹೇಳಬಾರದಿತ್ತು, ಆದರೆ ಹೇಳಿದೆ. ಕಾಕು ಕಾದರು. ಅವರ ಕಾಯುವಿಕೆಗೆ ಕ್ಲಿನಿಕ್ಕಿನಲ್ಲಿ ಒಂಬತ್ತು ತಿಂಗಳು ಸೋತವನು ನಾನು. ಮೆಲ್ಲಗೆ ಜಾರಿದೆ, ಕೈ ಮುಂದೆ ಚಾಚಿದೆ, ಮಂಡಿ ಬಾಗಿಸಿದೆ, ಕೋಲು ಬಿಟ್ಟೆ, ಬಲಕ್ಕೆ ಬಿದ್ದೆ. ಟಕ್ ಎಂದು ಕೊಂಡಿ ಬಿಟ್ಟುಕೊಂಡು ಸ್ಕೀ ತಾನೇ ಪಕ್ಕಕ್ಕೆ ಮಲಗಿತು. ಮೂಗಿನೊಳಗೆಲ್ಲ ಹಿಮ. ಮಂಡಿ ಇದ್ದಲ್ಲೇ ಇತ್ತು.

ತಲೆಯೆತ್ತಿದರೆ ಮಗಳು ಬೇಲಿ ಬಿಟ್ಟು ಓಡಿ ಬರುತ್ತಿದ್ದಳು, ಭಾರದ ಬೂಟಿನಲ್ಲಿ ಧಡಧಡ ಎಂದು. ಅಳುತ್ತಾಳೆ ಎಂದುಕೊಂಡೆ. ಕಾಕು ಅವಳಿಗೆ ಅಡ್ಡ ನಿಂತರು. "ಎಬ್ಬಿಸಬ್ಯಾಡ. ನೋಡು ಅಷ್ಟ."

ನಾನು ಎದ್ದೆ. ಬೇಗ ಏನಲ್ಲ, ಮಗುಚಿದ ಆಮೆ ಏಳುವಷ್ಟು ಹೊತ್ತು ಹಿಡಿಯಿತು. ಮಗಳು ನನ್ನ ಪಾದದಿಂದ ತಲೆಯವರೆಗೆ ನೋಡಿದಳು.

"ಡು ಇಟ್ ಅಗೇನ್," ಎಂದಳು.

ಮತ್ತೆ ಬಿದ್ದೆ. ಮತ್ತೆ ಎದ್ದೆ. ಆರು ಸಲವೋ ಏಳು ಸಲವೋ. ಆಮೇಲೆ ಅವಳು ಹಿಮದ ಮೇಲೆ ಕುಳಿತು, ಅಚ್ಚಗನ್ನಡದಲ್ಲಿ, "ಕಾಕು, ನನಗೂ ಕಟ್ಟಿ," ಎಂದಳು. ಮಧ್ಯಾಹ್ನ ಎರಡಕ್ಕೆ, ಅವಳು ಇನ್ನೊಂದು ಸಲ, ಒಂದೇ ಒಂದು ಸಲ ಎನ್ನುತ್ತಿರುವಾಗಲೇ ಕಾಕು ಆಟ ನಿಲ್ಲಿಸಿಬಿಟ್ಟರು. "ಕಾಲು ಸಾಕು ಅನ್ನೋದರೊಳಗ ಮುಗಿಸಬೇಕು. ಮಂದಿ ಮುರಕೊಳ್ಳೋದೆಲ್ಲ ಆ ಇನ್ನೊಂದು ಸಲದಾಗ." ಮನೆಗೆ ಬಂದ ಮೇಲೆ ಮೆಟ್ಟಿಲು ಇಳಿಯುವಾಗ ಹಿಂದೆ ತಿರುಗಿ ನೋಡಿದೆ. ಅಂಗಿ ಹಿಡಿಯಲು ಯಾರೂ ಇರಲಿಲ್ಲ.

ಎರಡು ಚಳಿಗಾಲ ಹೀಗೆ ಕಳೆದವು. ಮೂರನೆಯದು ಬರುವ ಮೊದಲು, ಅಕ್ಟೋಬರಿನ ಒಂದು ಮಧ್ಯಾಹ್ನ, ಕ್ಲಿನಿಕ್ಕಿನಿಂದ ಬಂದು ಸ್ವಲ್ಪ ಮಲಗುತ್ತೇನೆಂದು ಮಲಗಿದ ಕಾಕು ಏಳಲಿಲ್ಲ. ಹೃದಯ ಎಂದರು. ಬೀಳ್ಕೊಡಲು ಬಂದವರಿಗೆ ಕೂರಲು ಕುರ್ಚಿ ಸಾಲಲಿಲ್ಲ. ಅವರಲ್ಲಿ ಅರ್ಧ ಜನರನ್ನು ಕಾಕುವೇ ನಡೆಸಿದ್ದರು. ಬೇಸಿಗೆ ಕಳೆದಿದ್ದರಿಂದ ಕಾಕುವಿನ ಮುಖ ಒಂದೇ ಬಣ್ಣಕ್ಕೆ ಬಂದಿತ್ತು. ಮಗಳು ಎದುರು ಮನೆಯ ಫಿಲಿಪಿನೊ ಅಜ್ಜನ ಪಕ್ಕ ನಿಂತು ಅತ್ತಳು.

ಈ ಚಳಿಗಾಲ ಬೆಟ್ಟದ ಮಾತನ್ನು ನಾನಾಗಿ ಎತ್ತಲಿಲ್ಲ. ಡಿಸೆಂಬರಿನಲ್ಲಿ ಕಾಕಾ ಬಂದು ಬಾಗಿಲು ತಟ್ಟಿದರು. "ಶನಿವಾರ ಐದಕ್ಕ ಬಿಡೋಣೇನು?"

ಹೋದೆವು. ಮಗಳಿಗೆ ಈಗ ಹದಿಮೂರು. ಅಲ್ಲಿ ಅವಳ ಶಾಲೆಯ ಇಬ್ಬರು ಹುಡುಗಿಯರು ಸಿಕ್ಕರು. ಅವರು ಹೊರಟಿದ್ದು ತೂಗುಕುರ್ಚಿಯ ಲಿಫ್ಟು ಹತ್ತಿ ಮೇಲಿನ ದೊಡ್ಡ ಇಳಿಜಾರಿಗೆ. ನಾನು ಒಮ್ಮೆಯೂ ಹೋಗದ ಕಡೆ.

"ಅಪ್ಪಾ, ಕ್ಯಾನ್ ಐ ಗೋ ವಿತ್ ದೆಮ್?"

ಬೇಡ ಎನ್ನುವ ಮಾತು ನನ್ನ ನಾಲಗೆಯ ಮೇಲೆ ಕೂತಿತ್ತು. ಕಾಕು ಇದ್ದಿದ್ದರೆ ಅವರನ್ನು ಕೇಳಬಹುದಿತ್ತು. ಮಗಳ ಮುಖ ನೋಡಿದೆ. ಅವಳು ಕೇಳುತ್ತಿದ್ದದ್ದು ಅಪ್ಪಣೆ ಅಷ್ಟೆ, ಧೈರ್ಯವಲ್ಲ. ಅದು ಅವಳಲ್ಲೇ ಇತ್ತು.

"ಬೇಡ ಅನ್ನಿಸಿದರೆ ಲಿಫ್ಟಿನಲ್ಲೇ ವಾಪಸು ಇಳಿದು ಬಾ," ಎಂದೆ.

"ಐ ನೋ, ಅಪ್ಪಾ."

ಹೋದಳು. ಕೆಳಗೆ ನಿಂತು ಕಾದೆ. ಹತ್ತು ನಿಮಿಷ, ಹದಿನೈದು, ಇಪ್ಪತ್ತು. ಪಕ್ಕದಲ್ಲಿ ಹಿಮ ಕರಕರ ಎಂದಿತು. ನೋಡಿದರೆ ಕಾಕಾ. ಕ್ಯಾಂಟೀನಿನ ಕಿಟಕಿ ಬಿಟ್ಟು, ಥರ್ಮಾಸು ಕಂಕುಳಲ್ಲಿ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಊರುತ್ತ ಬಂದು ನನ್ನ ಹತ್ತಿರ ನಿಂತರು.

ಮೇಲೆ ಮಗಳ ನೀಲಿ ಜಾಕೆಟ್ಟು ಕಾಣಿಸಿತು. ಅರ್ಧ ಇಳಿಜಾರಿಗೆ ಬಂದಿತು, ಬಿದ್ದಿತು. ಕಾಕಾ ನನ್ನ ತೋಳು ಹಿಡಿದರು. ನೀಲಿ ಜಾಕೆಟ್ಟು ಜಾರುವುದು ನಿಲ್ಲುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಎದ್ದು, ಮೈ ಕೊಡವಿಕೊಂಡು, ಅಂಚಿಗೆ ಹೋಗಿ ಸ್ಕೀ ಕಟ್ಟಿಕೊಂಡು, ಮೇಲಿನಿಂದ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಹೊರಟಿತು. ಹತ್ತಿರ ಬಂದಾಗ ನಾನು ಕೈ ಎತ್ತಿದೆ. ಗೆಳತಿಯರ ಜೊತೆ ಏನೋ ಹೇಳಿ ನಗುತ್ತ, ನಮ್ಮಿಂದ ಹತ್ತು ಅಡಿ ದೂರದಲ್ಲಿ ಹಾದು, ಅವಳು ನೇರ ಲಿಫ್ಟಿನ ಸಾಲಿಗೆ ಸೇರಿಕೊಂಡಳು.

"ನಿನ್ನ ಕಡೆ ನೋಡಲೇ ಇಲ್ಲಲ್ಲೊ," ಎಂದರು ಕಾಕಾ.

"ನೋಡ್ಲಿಲ್ಲ ಕಾಕಾ."

"ಛಲೋ ಆತು," ಎಂದು ಅವರು ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು ನನ್ನ ಕೈಗೆ ಕೊಟ್ಟರು.